ಹಗ್ಗ ಬಿಡದ ಮಾಮ

ಮೊನ್ನೆ ಬಂಗಾರಪೇಟೆ ಬಸ್ ನಿಲ್ದಾಣದಲ್ಲಿ ಒಬ್ಬ ಗೋಡೆಗೆ ಪೋಸ್ಟರ್ ಅಂಟಿಸುತ್ತಿದ್ದ. ಅವನ ಬಕೆಟ್ಟಿನ ಮೈದಾ ಅಂಟಿನ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಚಿನ್ನದ ಗಣಿ ಕೆಲಸಗಾರರ ಮನೆಸಾಲಾದ ಊರಿಗಾಂ ಲೈನಿನ ನಮ್ಮ ಪಕ್ಕದ ಮನೆ ಮಾಮ ನೆನಪಾದರು. ನಾನು ಕಾಯುತ್ತಿದ್ದ ಕಾಮಸಮುದ್ರದ ಬಸ್ಸು ಬಂದು ಹೋದದ್ದೂ ಗೊತ್ತಾಗಲಿಲ್ಲ.

ಮಾಮ ಗಣಿಯಲ್ಲಿ ವೈಂಡಿಂಗ್ ಡ್ರೈವರ್ ಆಗಿದ್ದವರು. ಕೆಲಸಗಾರರು ತುಂಬಿದ ಕೇಜನ್ನು ಉಕ್ಕಿನ ಹಗ್ಗದಲ್ಲಿ ಪಾತಾಳಕ್ಕಿಳಿಸಿ ಮತ್ತೆ ಮೇಲೆ ತರುವ ಕೆಲಸ. ಗಣಿ ಮುಚ್ಚಿದ ಮೇಲೆ ಆ ಕೈಗಳಿಗೆ ಸುಮ್ಮನಿರಲು ಬರಲಿಲ್ಲ. ಆಷಾಢ ಬಂತೆಂದರೆ ಬಿದಿರು ಸೀಳಿ, ಮೈದಾ ಅಂಟು ಕಾಯಿಸಿ ಸಿಮೆಂಟ್ ಚೀಲದ ಕಾಗದ ಅಂಟಿಸಿ, ಆಳೆತ್ತರದ ಗಾಳಿಪಟ ಕಟ್ಟುತ್ತಿದ್ದರು. ಗಣಿಯ ಮಣ್ಣು ಸುರಿದು ಬೆಳೆದ ಸೈನೈಡ್ ದಿಬ್ಬದ ಮೇಲೆ ಅದನ್ನು ಹಾರಿಸಲು ಐದಾರು ಜನ ಸೇರಿ ನೈಲಾನ್ ಹಗ್ಗ ಹಿಡಿಯಬೇಕಿತ್ತು.

"ಕೈಗೆ ಸುತ್ಕೋಬೇಡ್ರಿ ಕಣ್ರಲಾ. ಗಾಳಿ ತಿರುಗ್ತು ಅಂದ್ರೆ ಎಲ್ರೂ ಒಂದೇ ಸಲ ಬಿಟ್ಬಿಡಿ. ಪಟ ಓದ್ರೆ ಓಗ್ಲಿ, ಇನ್ನೊಂದು ಕಟ್ಟಾನ."

"ವರ್ಸಾ ವರ್ಸಾ ಇದೇ ಪಾಠಾನಾ ಮಾಮ?" ಎಂದು ಆ ಕೊನೆಯ ಆಷಾಢದಲ್ಲೂ ಛೇಡಿಸಿದ್ದೆ. ಆಗ ನನಗೆ ಮೂವತ್ತು ದಾಟಿತ್ತು, ಬುದ್ಧಿ ಇನ್ನೂ ಬಂದಿರಲಿಲ್ಲ.

ಮಧ್ಯಾಹ್ನ ಪಟ ಚೆನ್ನಾಗಿ ನಿಂತಿತ್ತು. ಪಶ್ಚಿಮದಲ್ಲಿ ಮೋಡ ಕಪ್ಪಿಟ್ಟಿದ್ದು ಎಲ್ಲರಿಗೂ ಕಂಡಿತ್ತು. ಇನ್ನೈದು ನಿಮಿಷ, ಇನ್ನೈದು ನಿಮಿಷ ಎನ್ನುತ್ತಾ ನಿಂತೆವು... ಗಾಳಿ ಒಮ್ಮೆಲೇ ಸತ್ತಿತು. ಹಗ್ಗ ಸಡಿಲವಾಯಿತು. ಮರುಕ್ಷಣ ಇನ್ನೊಂದು ದಿಕ್ಕಿನಿಂದ ಧೂಳೆಬ್ಬಿಸಿಕೊಂಡು ನುಗ್ಗಿತು.

"ಬಿಡ್ರಲಾ!" ಎಂದು ಕೂಗಿದವರು ಮಾಮನೇ. ನಾವೆಲ್ಲ ಬಿಟ್ಟೆವು. ಅವರು ಬಿಡಲಿಲ್ಲ. ಅಷ್ಟು ಜನ ಹಿಡಿಯುತ್ತಿದ್ದ ಹಗ್ಗ ಅವರೊಬ್ಬರನ್ನೇ ದರದರ ಎಳೆದುಕೊಂಡು ಹೋಗಿ, ದಿಬ್ಬದ ಅಂಚಿನಲ್ಲಿ ಮಳೆ ಕೊರೆದಿದ್ದ ಕೊರಕಲಿಗೆ ಕೆಡವಿತು.

ಸೊಂಟ ಮುರಿದು ಆಸ್ಪತ್ರೆಯಲ್ಲಿ ಮಲಗಿದ್ದಾಗ, ಯಾಕೆ ಬಿಡಲಿಲ್ಲ ಮಾಮ ಅಂತ ಕೇಳಿದೆ. ಕೇಳಬಾರದಿತ್ತೇನೋ.

"ಬಾಯಿಗೆ ಗೊತ್ತಾಯ್ತು, ಕೈಗೆ ಗೊತ್ತಾಗ್ಲಿಲ್ಲ ಕಣ್ಲಾ," ಎಂದರು. "ಅಗ್ಗದ ತುದೀಲಿ ಜನ ಅವ್ರೆ ಅನ್ನಿಸ್ಬಿಡ್ತು."

ಅವರು ಮತ್ತೆ ಎದ್ದು ನಡೆಯಲಿಲ್ಲ. ದೀಪಾವಳಿಗೆ ಮುಂಚೆಯೇ ಹೋಗಿಬಿಟ್ಟರು.

ಅವರು ಹೇಳಿದ್ದನ್ನೇ ಮಾಡಿದಿರಿ, ನಿಮ್ಮದೇನು ತಪ್ಪು ಎಂದು ಲೈನಿನವರು ಇವತ್ತಿಗೂ ಸಮಾಧಾನ ಹೇಳುತ್ತಾರೆ. ನಾನೂ ಹಾಗೇ ಹೇಳಿಕೊಳ್ಳುತ್ತೇನೆ. ಆದರೆ ಮಾಮ ನಿಂತಿದ್ದು ನನ್ನ ಮುಂದೆಯೇ, ಕೈಚಾಚಿದರೆ ಸಿಗುವಷ್ಟು ಹತ್ತಿರ. ಹಗ್ಗ ಬಿಟ್ಟ ಮೇಲೆ ನನ್ನ ಎರಡೂ ಕೈ ಖಾಲಿ ಇದ್ದವು. ಅವರನ್ನು ಹಿಡಿಯಬೇಕೆಂದು ನನಗೆ ಹೊಳೆಯಲೇ ಇಲ್ಲ.