ಬೀಗರ ಮನೆಯ ಬೀಮ್

ನಾನು ಓದಿದ್ದು ಮೂರನೇ ಕ್ಲಾಸು. ಆಮೇಲೆ ಗಾರೆ ಕೆಲಸ. ಪರ್ಕಳದಿಂದ ಮಣಿಪಾಲದವರೆಗೆ ನಾನು ಎರಕ ಹಾಕಿದ ಬೀಮುಗಳು ಎಷ್ಟೋ, ಒಂದೂ ಬಗ್ಗಿಲ್ಲ. ಜಂಬಕ್ಕೆ ಹೇಳುತ್ತಿಲ್ಲ. ಈ ದಸರಾ ರಜೆಯಲ್ಲಿ ನನಗಾದ ಅವಮಾನಕ್ಕೂ ಹಿಡಿಸಲಾರದ ಸಂತೋಷಕ್ಕೂ ಬೀಮೇ ಕಾರಣ, ಅದಕ್ಕೆ ಹೇಳಿದೆ.

ಮಗನ ಮಗಳು ಕಾರ್ಕಳದಲ್ಲಿ ಆರನೇ ಕ್ಲಾಸು. ಪ್ರತಿ ರಜೆಯಲ್ಲೂ ಅರ್ಧ ನಮ್ಮ ಪರ್ಕಳದ ಮನೆಯಲ್ಲಿ, ಅರ್ಧ ಕಾಪುವಿನ ಬೀಗರ ಮನೆಯಲ್ಲಿ. ಬೀಗರೆಂದರೆ ಸೊಸೆಯ ಅಪ್ಪ. ಬಹಳ ವರ್ಷ ಗಲ್ಫಿನಲ್ಲಿದ್ದು ಬಂದವರು. ಈ ಸಲ ಡ್ಯಾನ್ಸ್ ಕ್ಲಾಸಿನಿಂದಾಗಿ ಅವಳಿಗೆ ಸಿಕ್ಕಿದ್ದು ಬರೀ ಒಂದು ವಾರ. ಒಂದು ವಾರವನ್ನು ಎರಡು ತುಂಡು ಮಾಡಿದರೆ ಯಾರಿಗೂ ಹೊಟ್ಟೆ ತುಂಬುವುದಿಲ್ಲ. ನಾವಿಬ್ಬರು ಅಜ್ಜಂದಿರು ಫೋನಿನಲ್ಲೇ ಜಗಳಕ್ಕೆ ನಿಂತೆವು. ಕೊನೆಗೆ ಅವಳೇ ತೀರ್ಪು ಕೊಟ್ಟಳು. ಬೀಗರು ಗಲ್ಫಿನಿಂದ ತಂದ ಹಳೇ ಕಂಪ್ಯೂಟರಿನಲ್ಲಿ ಒಂದು ಬೆಳಕಿನ ಆಟವಿದೆ. ಅದರ ಆರನೇ ಹಂತವನ್ನು ಯಾರು ಮೊದಲು ದಾಟುತ್ತಾರೋ, ಅವಳ ಆ ವಾರ ಅವರದ್ದು.

"ಅವರ ಕಂಪ್ಯೂಟರ್, ಅವರ ಆಟ. ನನಗೆ ಎಂತ ಗೊತ್ತು ಮಾರಾಯ್ತಿ?" ಎಂದೆ.

"ಕಾಪು ಅಜ್ಜನಿಗೂ ಮೂವತ್ತು ವರ್ಷದಿಂದ ಆ ಹಂತ ದಾಟ್ಲಿಕ್ಕೆ ಆಗ್ಲಿಲ್ಲ ಅಜ್ಜ. ನೀವಿಬ್ರೂ ಸಮ."

ಭಾನುವಾರ ಬೆಳಿಗ್ಗೆ ಕಾಪುವಿಗೆ ಹೋದೆ. ಮೊಮ್ಮಗಳು ಬ್ಯಾಗ್ ಸಮೇತ ಆಗಲೇ ಬಂದಿದ್ದಳು. ಕಂಪ್ಯೂಟರ್ ಎಂದರೆ ದೊಡ್ಡದೇನೋ ಎಣಿಸಿದ್ದೆ. ಅದು ಅರ್ಧ ಇಟ್ಟಿಗೆಯಷ್ಟೂ ದಪ್ಪವಿಲ್ಲದ ಕಪ್ಪು ಪೆಟ್ಟಿಗೆ. ಮೇಲೆ ಶಾಲೆಯ ರಬ್ಬರಿನಂಥ ಗುಂಡಿಗಳು. ಒಂದು ವೈರು ಹಳೇ ಡಬ್ಬ ಟೀವಿಗೆ, ಇನ್ನೊಂದು ಟೇಪ್‌ರೆಕಾರ್ಡರಿಗೆ. ಆಟ ಇರುವುದು ಕ್ಯಾಸೆಟ್ಟಿನಲ್ಲಿ! ಬೀಗರು ಅದನ್ನು ಹಾಕಿದ್ದೇ ತಡ, ಕೀಂಯ್ ಕುಂಯ್ ಎಂದು ಐದು ನಿಮಿಷ ಕಿರುಚಿತು. ಮೀನಿನವನ ಹಾರ್ನ್ ಎಂದುಕೊಂಡು ಅವರ ಬೆಕ್ಕು ಓಡಿ ಬಂತು. ಪಕ್ಕದ ಮನೆಯವರು ಪಾತ್ರೆ ಹಿಡಿದುಕೊಂಡು ಗೇಟಿಗೆ ಬಂದು, ಬೀಗರನ್ನು ಕಂಡು ಬೈದು ಹೋದರು.

"ಈ ಮೂಲೆಯಿಂದ ಬೀಮ್ ಹೊರಡ್ತದೆ ಭಾವ," ಬೀಗರು ತೋರಿಸಿದರು. "ಕನ್ನಡಿಗಳನ್ನು ತಿರುಗಿಸಿ ಬೀಮನ್ನು ಬಗ್ಗಿಸ್ಬೇಕು. ದಾರಿಯ ಗುಂಡುಗಳನ್ನೆಲ್ಲ ಒಡೆದು, ಆಚೆ ಮೂಲೆಯ ಡಬ್ಬಿಗೆ ಮುಟ್ಟಿಸ್ಬೇಕು."

"ಬಗ್ಗಿದ್ರೆ ಅದು ಬೀಮಾ ಭಾವ? ಬಗ್ಗಿದ್ದನ್ನು ಇಂಜಿನಿಯರ್ ನಿಂತು ಒಡೆಸ್ತಾರೆ."

"ಇದು ಬೆಳಕಿನ ಬೀಮ್ ಮಾರಾಯ್ರೆ!"

ಮೊದಲ ಐದು ಹಂತ ಮೊಮ್ಮಗಳೇ ದಾಟಿಸಿ ಕೊಟ್ಟಳು. ಆರನೇದರಲ್ಲಿ ಮೊದಲ ಸರದಿ ಬೀಗರದ್ದು. ನಾನು ಚಾ ಹಿಡಿದು ಬಾಗಿಲ ಹತ್ತಿರ ಬೀಗಿತ್ತಿಯೊಡನೆ ಮಾತಾಡುತ್ತಿದ್ದೆ. ಅಷ್ಟರಲ್ಲಿ ಮೊಮ್ಮಗಳು ಕೂಗಿದಳು: "ಬೀಮ್ ಓವರ್‌ಲೋಡ್ ಆಗ್ತಾ ಉಂಟು! ಬೇಗ, ಬೇಗ!"

ಬೀಗರ ಮನೆಯ ಆ ಹಾಲ್‌ನ ಬೀಮು ಹಾಕಿದ್ದು ನಾನೇ. ಓವರ್‌ಲೋಡ್ ಎಂಬ ಮಾತು ಕಿವಿಗೆ ಬಿದ್ದರೆ ಗಾರೆಯವನು ಮೇಲೆ ನೋಡುವುದಿಲ್ಲ, ಓಡುತ್ತಾನೆ. ಚಾ ಬಿಟ್ಟು, ಒಂದು ಕೈಯಲ್ಲಿ ಮೊಮ್ಮಗಳನ್ನೂ ಇನ್ನೊಂದರಲ್ಲಿ ಬೀಗಿತ್ತಿಯನ್ನೂ ಎಳೆದುಕೊಂಡು ಅಂಗಳಕ್ಕೆ ಹಾರಿದೆ. ಒಳಗಿನಿಂದ ಬೀಗರ ನಗು ಕೇಳಿಸಿತು. ಬೆಳಕು ತಿರುಗಿ ಹೊರಟ ಜಾಗಕ್ಕೇ ಬಂದು ತಾಗಿದರೆ ಈ ಆಟದಲ್ಲಿ ಓವರ್‌ಲೋಡ್ ಅನ್ನುತ್ತಾರಂತೆ, ಆ ಸರದಿ ಹಾಳಂತೆ.

ಬೀಗಿತ್ತಿ ಸೆರಗು ಸರಿಮಾಡಿಕೊಂಡು, "ನೀವು ಹಾಕಿದ ಬೀಮಿನ ಮೇಲೆ ನಿಮಗೇ ನಂಬಿಕೆ ಇಲ್ವಾ ಅಣ್ಣ?" ಎಂದರು.

ಆ ಮಾತು ತಾಗಿತು. ಮೊಮ್ಮಗಳ ವಾರದ ಜೊತೆಗೆ ಈಗ ನನ್ನ ಮರ್ಯಾದೆಯೂ ಹೋಗುತ್ತಿತ್ತು. ಸೀದಾ ಸ್ಕೂಟರಿನ ಡಿಕ್ಕಿ ತೆರೆದು ಮೂಲೆಮಟ್ಟ, ನೀಲಿ ಪುಡಿ ಹಚ್ಚಿದ ದಾರ, ಪೆನ್ಸಿಲು ತಂದೆ. ಮೂಲೆಮಟ್ಟವನ್ನು ಟೀವಿಯ ಗಾಜಿಗೆ ಇಟ್ಟೆ. ದಾರ ಎಳೆದು ಟಪ್ಪೆಂದು ಬಿಟ್ಟೆ. ಗಾಜಿನ ಮೇಲೆ ನೀಲಿ ಗೆರೆ ಬಿತ್ತು.

"ಅಯ್ಯೋ, ನನ್ನ ಟೀವಿ!" ಬೀಗಿತ್ತಿ ತಲೆಗೆ ಕೈ ಇಟ್ಟರು.

ನಮ್ಮ ಕೆಲಸದಲ್ಲಿ ಮೊದಲು ಪಾಯ, ಆಮೇಲೆ ಕಂಬ, ಕೊನೆಗೆ ಬೀಮು. ಬೀಗರು ಮೂವತ್ತು ವರ್ಷವೂ ಬೀಮಿನಿಂದ ಶುರು ಮಾಡಿದ್ದರು! ನಾನು ಆಚೆ ಮೂಲೆಯ ಡಬ್ಬಿಯನ್ನು ಪಾಯ ಮಾಡಿಕೊಂಡೆ, ಕನ್ನಡಿಗಳನ್ನು ಕಂಬ. ಡಬ್ಬಿಯಿಂದ ಹಿಂದೆ ಹಿಂದೆ ಗೆರೆ ಹೊಡೆಯುತ್ತಾ ಬೆಳಕು ಹೊರಡುವ ಮೂಲೆಗೆ ಬಂದೆ. ಆಮೇಲೆ ಗುಂಡಿಗಳ ಕಷ್ಟ. ನನ್ನ ಹೆಬ್ಬೆರಳು ಒಂದೇ ಸಲ ಮೂರನ್ನು ಒತ್ತುತ್ತಿತ್ತು, ಹಾಗಾಗಿ ಎರಡು ಸರದಿ ಹಾಳಾಯಿತು. ಮೂರನೆಯದರಲ್ಲಿ ಪೆನ್ಸಿಲಿನ ಹಿಂಬದಿಯಿಂದ ಒತ್ತಿದೆ. ಕನ್ನಡಿಗಳನ್ನು ಒಂದೊಂದಾಗಿ ನೀಲಿ ಗೆರೆಗೆ ಸರಿಯಾಗಿ ತಿರುಗಿಸಿದೆ. ಗುಂಡುಗಳು ಪಟಪಟ ಒಡೆದವು. ಬೆಳಕು ಡಬ್ಬಿಗೆ ಮುಟ್ಟಿತು!

ಅರವತ್ತೆಂಟರ ನಾನು ಹಾಲ್‌ನಲ್ಲಿ ಕುಣಿದೆ. ಎರಡು ಹೆಜ್ಜೆ ಯಕ್ಷಗಾನದ್ದು, ಉಳಿದದ್ದು ನನ್ನದೇ. ಮೊಮ್ಮಗಳು ಬಂದು ಸೊಂಟ ತಬ್ಬಿದಳು. ನನ್ನ ಕಣ್ಣಲ್ಲಿ ನೀರು ಬಂತು. ನೀಲಿ ಕೈಯಲ್ಲಿ ಒರೆಸಿದ್ದರಿಂದ ಮುಖವೂ ನೀಲಿಯಾಯಿತು. ಬೀಗರು ಮಾತ್ರ ಟೀವಿಯನ್ನೇ ನೋಡುತ್ತಿದ್ದರು.

"ಏಳನೇ ಹಂತ ಹೀಗೆ ಉಂಟಾ?" ಎಂದರು, ಮೆಲ್ಲಗೆ.

ಮೊಮ್ಮಗಳೂ ತಿರುಗಿ ನೋಡಿದಳು. ಬ್ಯಾಗ್ ತರಲು ಹೊರಟವಳು ನೆಲದ ಮೇಲೆ ಕುಳಿತೇಬಿಟ್ಟಳು.

"ಅಜ್ಜ, ಆಫ್ ಮಾಡಿದ್ರೆ ಮೊದಲಿಂದ ಶುರು ಮಾಡ್ಬೇಕು. ಪರ್ಕಳಕ್ಕೆ ತಕೊಂಡು ಹೋಗುವ ಅಂದ್ರೆ ವೈರು ಮುಟ್ಟಿದ್ರೆ ಆಟವೇ ನಿಂತು ಹೋಗ್ತದೆ."

"ಮತ್ತೆ ನೀನು ಕೊಟ್ಟ ಮಾತು?"

"ಮಾತು ಅಂದ್ರೆ ಮಾತು. ನಾನು ಗೆದ್ದ ಅಜ್ಜನ ಜೊತೆಗೇ. ನೀವೇ ಇಲ್ಲಿ ನಿಲ್ಲಿ!"

ಬೀಗರ ಮನೆಯಲ್ಲಿ ಉಂಡು ಏಳಬೇಕು, ಹಾಸಿಗೆ ಹಾಸಬಾರದು ಎಂದು ನಮ್ಮ ಹಿರಿಯರ ಕಟ್ಟಳೆ. ಮಗನ ಮದುವೆಯಾದ ಮೇಲೆ ಒಂದು ರಾತ್ರಿಯೂ ನಾನದನ್ನು ಮೀರಿದವನಲ್ಲ. ಬೀಗರ ಮುಖ ನೋಡಿದೆ. ಅವರು ಆಗಲೇ ಚಾಪೆ ತರಲು ಎದ್ದಿದ್ದರು.

ಹೆಂಡತಿಗೆ ಫೋನ್ ಮಾಡಿದೆ.

"ಗೆದ್ರಾ?"

"ಗೆದ್ದೆ!"

"ಮಗು ಎಲ್ಲಿ?"

"ಕಾಪುವಿನಲ್ಲಿ."

"ನೀವು?"

"ನಾನೂ. ಒಂದು ವಾರ."

"ಸೋತಿದ್ರೆ ಎಲ್ಲಿ ಇರ್ತಿದ್ರಿ?"

"ಪರ್ಕಳದಲ್ಲಿ."

"ಒಳ್ಳೆ ಗೆದ್ದದ್ದು ಮಾರಾಯ್ರೆ! ಸಂಜೆ ಬಸ್ಸಿಗೆ ನಾನೂ ಬರ್ತೇನೆ. ಲುಂಗಿ ಎಷ್ಟು ತರುವುದು?"

"ಇದ್ದದ್ದೆಲ್ಲ ತಾ," ಎಂದೆ.