ಎರಡನೆಯ ಸಾಲಿಗೆ ಹಿಂದಿರುಗು

ಕಂಪ್ಯೂಟರನ್ನು ಕಣ್ಣಿನಿಂದ ಕಾಣದವಳು ಕಂಪ್ಯೂಟರ್ ಪುಸ್ತಕದ ಬಗ್ಗೆ ಮಾತಾಡಬಾರದು ಎಂದು ಆ ವರ್ಷ ನನಗೆ ಎಲ್ಲರೂ ಹೇಳಿದರು. ನಮ್ಮ ಶಾಲೆಯ ಮುಖ್ಯೋಪಾಧ್ಯಾಯಿನಿ, ದೊಡ್ಡ ಅಕ್ಕೋರು ಹೇಳಿದರು. ಸಾವ್ಕಾರರು ಹೇಳಿದರು. ಸಿಂಧನೂರಿನ ಕಾಲುವೆ ಕಚೇರಿಯಿಂದ ಶನಿವಾರ ಶನಿವಾರ ಮನೆಗೆ ಬರುತ್ತಿದ್ದ ನನ್ನ ಯಜಮಾನರೂ ಹೇಳಿದರು. ಪುಸ್ತಕ ಬರೆದವರಂತೂ ನಗುತ್ತಲೇ ಹೇಳಿದರು. ನಾನು ಮಾತಾಡಿದೆ. ಇವತ್ತು ಕೇಳಿದರೂ ಅದನ್ನೇ ಮಾತಾಡುತ್ತೇನೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಮಸ್ಕಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಹೇಳುತ್ತಿದ್ದೆ. ಎಂಟನೆಯ ತರಗತಿಗೆ ಕೋಣೆ ಇರಲಿಲ್ಲ, ಪಡಸಾಲೆಯಲ್ಲೇ ಪಾಠ. ಹೊತ್ತೇರಿದಂತೆ ಬಿಸಿಲು ಪಡಸಾಲೆಯ ಅಂಚು ಹತ್ತುತ್ತಿತ್ತು. ಹುಡುಗಿಯರು ಚೀಲ ಎಳೆದುಕೊಂಡು ಗೋಡೆಯ ಕಡೆ ಸರಿಯುತ್ತಿದ್ದರು. ಊಟದ ಗಂಟೆ ಹೊಡೆಯುವಷ್ಟರಲ್ಲಿ ಎಲ್ಲರೂ ಗೋಡೆಗೆ ಬೆನ್ನು ಹಚ್ಚಿ ಉದ್ದಕ್ಕೆ ಕೂತಿರುತ್ತಿದ್ದರು. ಆ ತುದಿಯವಳಿಗೆ ಕರಿಹಲಗೆ ಕಾಣುತ್ತಿರಲಿಲ್ಲ, ಈ ತುದಿಯವಳಿಗೆ ನಾನು ಕಾಣುತ್ತಿರಲಿಲ್ಲ. ಕೋಣೆಗಾಗಿ ನಾನೇ ಎಷ್ಟೋ ಸಲ ಅರ್ಜಿ ಬರೆದಿದ್ದೆ. ಕಡೆಗೆ ಕಟ್ಟಿಸಿಕೊಡುತ್ತೇನೆ ಎಂದು ಮುಂದೆ ಬಂದವರು ಸಾವ್ಕಾರರು.

ಅವರು ಮೂಲತಃ ಲಿಂಗಸುಗೂರಿನವರು. ಕಾಲುವೆ ನೀರು ಬಂದು ಸಿಂಧನೂರ ಕಡೆಯ ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾದ ಮೇಲೆ ಅಲ್ಲಿ ಅಕ್ಕಿ ಗಿರಣಿ ಹಾಕಿದ್ದರು. ಅವರ ಅಳಿಯ ಹೈದರಾಬಾದಿನ ಯಾವುದೋ ದೊಡ್ಡ ಕಚೇರಿಯಲ್ಲಿ ಕಂಪ್ಯೂಟರಿನ ಕೆಲಸದಲ್ಲಿದ್ದರು. ಆ ಯಂತ್ರಕ್ಕೆ ಕೆಲಸ ಹೇಳಿಕೊಡುವುದು ಹೇಗೆ ಎಂದು ಕನ್ನಡದಲ್ಲಿ ಒಂದು ಕೈಪಿಡಿ ಬರೆದಿದ್ದರು. ಲಿಂಗಸುಗೂರಿನ ಪ್ರೆಸ್ಸಿನಲ್ಲಿ ಒಳಗಿನ ಹಾಳೆಗಳೆಲ್ಲ ಅಚ್ಚಾಗಿ ಮುಗಿದು, ರಟ್ಟು ಮಾತ್ರ ಉಳಿದಿತ್ತು. ರಟ್ಟಿನ ಹಿಂಬದಿಗೆ ಉಪಾಧ್ಯಾಯರ ಅಭಿಪ್ರಾಯ ಹಾಕಬೇಕು ಎಂದು ಸಾವ್ಕಾರರ ಆಸೆ. ಹೊಲಿಯದ ಹಾಳೆಗಳ ಕಟ್ಟನ್ನು ತಾವೇ ಶಾಲೆಗೆ ತಂದುಕೊಟ್ಟರು.

"ಗಂಡಸರು ಮೂರು ಮಂದಿ ಮಾಸ್ತರರು ಬರದು ಕೊಟ್ಟಾರ ಅಕ್ಕೋರ. ಹೆಣ್ಮಕ್ಕಳಿಗೂ ತಿಳಿತೈತಿ ಅಂತ ನೀವೊಬ್ಬರು ಬರದ್ರ ಅದರ ವಜನ್ನೇ ಬ್ಯಾರೆ."

"ಓದಿ ಬರೀತೀನ್ರಿ," ಎಂದೆ.

"ಓದ್ರಿ, ಓದ್ರಿ. ಆದ್ರ ಲಗೂನ ಕೊಡ್ರಿ, ಪ್ರೆಸ್ಸಿನವ ಕಾಯಾಕತ್ತಾನ. ಮತ್ತ ನಿಮ್ಮ ಕೋಣಿ ಮಾತು ನಾ ಮರ್ತಿಲ್ಲ. ಛಾವಣಿ ತಗಡು ಮಸ್ಕಿಗೆ ಬಂದು ಬಿದ್ದಾವು."

ಅವರು ಹೋದಮೇಲೆ ದೊಡ್ಡ ಅಕ್ಕೋರು ನನ್ನ ಮುಖ ನೋಡಿ, "ಓದಿ ಬರೀತೀನಿ ಅಂತ ಯಾಕಂದ್ರಿ? ಅಲ್ಲೇ ಬರದು ಕೊಡೋದಿತ್ತು," ಎಂದರು.

ಭಾನುವಾರ ಜೋಳದ ರೊಟ್ಟಿ, ಪುಂಡಿಪಲ್ಯೆ ಮಾಡಿಟ್ಟು ಹಾಳೆ ಹಿಡಿದು ಕೂತೆ. ಮೊದಲನೆಯ ಪುಟ ನನ್ನ ಮನಸ್ಸಿಗೆ ಬಂತು. ಈ ಯಂತ್ರಕ್ಕೆ ಸ್ವಂತ ಬುದ್ಧಿಯಿಲ್ಲ, ಬರೆದಷ್ಟನ್ನು ಬರೆದ ಹಾಗೆಯೇ ಮಾಡುತ್ತದೆ, ಹೆಚ್ಚಿಲ್ಲ ಕಮ್ಮಿಯಿಲ್ಲ ಎಂದಿತ್ತು. ಅಂಥ ಆಳು ಸಿಕ್ಕರೆ ಯಾರಿಗೆ ಬೇಡ. ಮುಂದೆ ಒಂದು ಲೆಕ್ಕ. ಒಂದರಿಂದ ಐದರವರೆಗಿನ ಸಂಖ್ಯೆಗಳನ್ನು ಯಂತ್ರದಿಂದ ಕೂಡಿಸುವುದು. ಐದು ಸಾಲು, ಅಷ್ಟೇ.

ಒಂದು: ಮೊತ್ತ = ೦.
ಎರಡು: ಎಣಿಕೆ = ೧.
ಮೂರು: ಮೊತ್ತ = ಮೊತ್ತ + ಎಣಿಕೆ.
ನಾಲ್ಕು: ಎಣಿಕೆ = ಎಣಿಕೆ + ೧.
ಐದು: ಎಣಿಕೆ ಐದನ್ನು ದಾಟಿದ್ದರೆ ನಿಲ್ಲು, ಇಲ್ಲದಿದ್ದರೆ ಎರಡನೆಯ ಸಾಲಿಗೆ ಹಿಂದಿರುಗು.

ನಡುವಿನ ಎರಡು ಗೀಟನ್ನು 'ಸಮ' ಎಂದು ಓದಬೇಕು ಎಂದು ಕೆಳಗೆ ಬರೆದಿತ್ತು. ನಾನು ನಾಲ್ಕನೆಯ ಸಾಲಿನಲ್ಲೇ ಸಿಕ್ಕಿಬಿದ್ದೆ. ಎಣಿಕೆ ಸಮ ಎಣಿಕೆ ಕೂಡಿಸು ಒಂದು. ಎರಡು ಸಮ ಮೂರೇ? ನನ್ನ ತರಗತಿಯಲ್ಲಿ ಯಾವ ಹುಡುಗಿಯಾದರೂ ಹೀಗೆ ಬರೆದಿದ್ದರೆ ಕೆಂಪು ಮಸಿಯಲ್ಲಿ ಅಡ್ಡಗೀಟು ಎಳೆಯುತ್ತಿದ್ದೆ. ಮತ್ತೆ ಮೊದಲಿನಿಂದ ಓದಿದೆ. ತಿಳಿಯಲಿಲ್ಲ. ಮಾಡಿ ನೋಡಿದರೆ ತಿಳಿದೀತು ಎಂದು ಎರಡು ಬಟ್ಟಲು ತಂದು ಒಂದಕ್ಕೆ ಮೊತ್ತ, ಇನ್ನೊಂದಕ್ಕೆ ಎಣಿಕೆ ಎಂದು ಸುಣ್ಣದಕಡ್ಡಿಯಿಂದ ಬರೆದೆ. ಚೌಕಾಬಾರ ಆಡಲು ಇಟ್ಟಿದ್ದ ಹುಣಸೆ ಬೀಜಗಳನ್ನು ನಡುವೆ ಸುರುವಿದೆ.

ಅಷ್ಟರಲ್ಲಿ ಪಕ್ಕದ ಮನೆಯ ಆಪಾ ಬಂದಳು. ಬಟ್ಟೆ ಹೊಲಿಯುವವರ ಮನೆ ಅದು. ಭಾನುವಾರ ಮಧ್ಯಾಹ್ನ ಆಟಕ್ಕೆ ನನಗೆ ಆಕೆಯೇ ಜೊತೆ.

"ಇದೇನ್ ಹೊಸಾ ಆಟ ಅಕ್ಕೋರ?"

"ಆಟ ಅಲ್ಲ ಆಪಾ, ಕಂಪ್ಯೂಟರ್."

"ಹೌದಾ. ಬಟ್ಟಲಕ್ಕ ಕಂಪ್ಯೂಟರ್ ಅಂತಾರಾ?"

"ಇವತ್ತು ನೀನ ಕಂಪ್ಯೂಟರ್. ನಾ ಓದಿದಷ್ಟ ಮಾಡಬೇಕು, ನಿನ್ನ ಬುದ್ಧಿ ಹಾಕಬಾರದು."

"ನಮ್ಮ ಮನಿಯವರೂ ಅದನ್ನ ಹೇಳ್ತಾರ ನೋಡ್ರಿ," ಎಂದು ಆಪಾ ಚಕ್ಕಳಮಕ್ಕಳ ಹಾಕಿ ಕೂತಳು.

ನಾಲ್ಕನೆಯ ಸಾಲಿಗೆ ಬಂದಾಗ ಆಕೆಯೂ ನಿಂತಳು. "ಸಮ ಹೆಂಗಾಗ್ತೈತ್ರಿ? ಬಟ್ಟಲದಾಗ ಒಂದೈತಿ, ಇನ್ನೊಂದು ಹಾಕಿ ಎರಡು ಮಾಡು ಅಂತ ಹೇಳ್ರಿ, ಮಾಡ್ತೀನಿ."

ಮಾಡು. ಆ ಎರಡು ಗೀಟು ಹೇಳುತ್ತಿದ್ದದ್ದು ಅದು. ಇರುವ ಸಂಗತಿಯನ್ನು ಅದು ತಿಳಿಸುತ್ತಿರಲಿಲ್ಲ, ಆಗಬೇಕಾದ ಕೆಲಸವನ್ನು ಅಪ್ಪಣೆ ಮಾಡುತ್ತಿತ್ತು. 'ಸಮ' ಎಂಬ ಒಂದು ಮಾತಿನಿಂದ ಬಾಗಿಲು ಮುಚ್ಚಿತ್ತು. ಸರಿ, ಇನ್ನು ನಡೆಯಿತು ಎಂದುಕೊಂಡು ನಾನು ಸಾಲು ಓದುತ್ತ ಹೋದೆ, ಆಪಾ ಬೀಜ ಹಾಕುತ್ತ ಹೋದಳು. ಐದನೆಯ ಸಾಲಿನಿಂದ ಎರಡಕ್ಕೆ ಹಿಂದಿರುಗಿದೆವು. ಎರಡನೆಯ ಸಾಲು ಎಣಿಕೆಯನ್ನು ಒಂದು ಮಾಡು ಅನ್ನುತ್ತದೆ. ಆಪಾ ಒಂದು ಬೀಜ ಹೊರಗೆ ತೆಗೆದಳು. ಮೊತ್ತಕ್ಕೆ ಒಂದು ಬಿತ್ತು. ಎಣಿಕೆ ಎರಡಾಯಿತು. ಮತ್ತೆ ಎರಡನೆಯ ಸಾಲು. ಮತ್ತೆ ಒಂದು ಬೀಜ ಹೊರಗೆ.

"ಅಕ್ಕೋರ, ಈ ಬಟ್ಟಲು ಎರಡು ದಾಟವಲ್ದು."

"ಹೇಳಿದಷ್ಟ ಮಾಡು ಆಪಾ."

"ಮಾಡಾಕತ್ತೀನಿ. ಐದಾಗೂತನ ಕೂತ್ರ ನನ್ನ ಮೊಮ್ಮಕ್ಕಳ ಮದುವಿ ಆಗ್ತಾವು."

ಮೊತ್ತದ ಬಟ್ಟಲು ತುಂಬಿ ಬೀಜ ನೆಲಕ್ಕೆ ಉರುಳಿದವು. ಆಪಾ ಕೈ ಒರೆಸಿಕೊಂಡು, "ಕಂಪ್ಯೂಟರಿಗೆ ಚಾ ಮಾಡ್ರಿ," ಎಂದಳು.

ನಾನು ಚಹಾ ಮಾಡಲಿಲ್ಲ. ಹಾಳೆ ತಿರುವಿ ಮುರುವಿ ನೋಡುತ್ತಿದ್ದೆ. ನನಗೇ ತಲೆ ಸಾಲದು, ಎಲ್ಲೋ ಓದುವುದನ್ನು ಬಿಟ್ಟಿದ್ದೇನೆ ಎಂದೇ ಮೊದಲು ಅನ್ನಿಸಿತು. ದೊಡ್ಡವರು ಬರೆದದ್ದು, ಅಚ್ಚಾದದ್ದು, ಮೂವರು ಮಾಸ್ತರರು ಒಪ್ಪಿದ್ದು. ಹಿಂದಿರುಗಬೇಕಾದದ್ದು ಮೂರನೆಯ ಸಾಲಿಗೆ, ಎರಡು ಎಂಬುದು ತಪ್ಪು ಎಂದು ಖಾತ್ರಿಯಾಗಲು ನನಗೆ ಸಂಜೆಯಾಯಿತು. ಆಮೇಲೆ ಸಿಟ್ಟು ಬಂತು. ವರ್ಷಗಟ್ಟಲೆ ಗಣಿತ ಹೇಳಿದ ನಾನೇ ನನ್ನನ್ನು ದಡ್ಡಿ ಎಂದುಕೊಂಡೆನಲ್ಲ. ಗೋಡೆಗೆ ಬೆನ್ನು ಹಚ್ಚಿ ಕೂತ ನನ್ನ ಹುಡುಗಿಯರು ಏನೆಂದುಕೊಂಡಾರು? ಇದು ನಮ್ಮಂಥವರಿಗಲ್ಲ ಎಂದು ಪುಸ್ತಕ ಮುಚ್ಚಿಡುತ್ತಾರೆ, ಮತ್ತೆ ತೆರೆಯುವುದಿಲ್ಲ. ಅವರಿಗೆ ತಿಳಿಯುತ್ತದೆ ಎಂದು ರಟ್ಟಿನ ಮೇಲೆ ನಾನು ಬರೆದಿರುತ್ತೇನೆ.

ಮರುದಿನ ದೊಡ್ಡ ಅಕ್ಕೋರಿಗೆ ವಿಷಯ ಹೇಳಿದೆ. "ನೀವು ಕಂಪ್ಯೂಟರ್ ಕಂಡೀರೇನ್ರಿ?" ಎಂದರು.

"ಕಂಡಿಲ್ರಿ."

"ಮತ್ತ ಹೆಂಗ ತಪ್ಪು ಅಂತೀರಿ?"

"ಕಂಡವರಿಗೆ ಈ ಪುಸ್ತಕ ಯಾಕ ಬೇಕ್ರಿ? ಕಾಣದವರಿಗೇ ಬರದದ್ದು. ಅದು ಛಲೋ ಐತೋ ಇಲ್ಲೋ ಹೇಳಾಕ ನಾನ ತಕ್ಕಾಕಿ."

ಅವರು ಅಂದೇ ಸಾವ್ಕಾರರಿಗೆ ಹೇಳಿಕಳಿಸಿದರು. ಎರಡು ದಿನ ಬಿಟ್ಟು ಜೀಪು ಬಂತು, ಅದರಲ್ಲಿ ಅಳಿಯಂದಿರೂ ಇದ್ದರು. ತೆಳ್ಳಗಿನ, ಮೆತ್ತಗೆ ಮಾತಾಡುವ ಮನುಷ್ಯ. ಬರುವ ಸುದ್ದಿ ತಿಳಿದು ನಾನು ಬಟ್ಟಲು, ಬೀಜ ಎಲ್ಲ ಚೀಲದಲ್ಲಿ ತಂದಿದ್ದೆ. ದೊಡ್ಡ ಅಕ್ಕೋರ ಮೇಜಿನ ಮೇಲೆ ಇಟ್ಟೆ.

"ಮೇಡಂ, ಇದೆಲ್ಲ ಯಂತ್ರದ ಮುಂದೆ ಕೂತರೆ ತಾನಾಗಿ ತಿಳಿಯುತ್ತದೆ," ಎಂದು ಅವರು ನಕ್ಕರು.

"ಮಸ್ಕಿಯೊಳಗ ಯಂತ್ರ ಇಲ್ರಿ, ಪುಸ್ತಕ ಅಷ್ಟ ಬರೋದು. ನಾ ತಪ್ಪು ಮಾಡಿರಬಹುದು. ನೀವ ಒಮ್ಮೆ ಮಾಡಿ ತೋರಸ್ರಿ."

ಅವರು ಎಡಗೈಯಲ್ಲಿ ಹಾಳೆ ಹಿಡಿದು ಬಲಗೈಯಿಂದ ಬೀಜ ಹಾಕತೊಡಗಿದರು. ಕೈ ಚುರುಕು. ಮೊತ್ತ ಒಂದಾಯಿತು, ಮೂರಾಯಿತು, ಆರಾಯಿತು, ಹತ್ತಾಯಿತು. ಎಣಿಕೆ ಐದು ದಾಟಿದಾಗ ನಿಲ್ಲಿಸಿ, "ಹದಿನೈದು. ಸರಿಯಿದೆಯಲ್ಲ ಮೇಡಂ," ಎಂದರು. ಸಾವ್ಕಾರರು ಸಮಾಧಾನದಿಂದ ಕುರ್ಚಿಗೆ ಒರಗಿದರು.

"ಐದನೇ ಸಾಲು ಒಮ್ಮೆ ಗಟ್ಟಿಯಾಗಿ ಓದ್ರಿ."

ಅವರು ಓದಿದರು. ಎರಡನೆಯ ಸಾಲಿಗೆ ಹಿಂದಿರುಗು ಎಂಬಲ್ಲಿ ದನಿ ಸಣ್ಣದಾಯಿತು.

"ನೀವು ಒಮ್ಮೆಯೂ ಎರಡಕ್ಕ ಹೋಗಲಿಲ್ಲ," ಎಂದೆ. "ಪ್ರತಿ ಸಲ ಮೂರಕ್ಕ ಹೋದ್ರಿ. ನಿಮ್ಮ ಕೈಗೆ ಗೊತ್ತೈತಿ, ಅದಕ್ಕ ಕಣ್ಣು ಓದಲಿಲ್ಲ. ಯಂತ್ರಕ್ಕ ಸ್ವಂತ ಬುದ್ಧಿ ಇಲ್ಲ ಅಂತ ಮೊದಲನೇ ಪುಟದಾಗ ಬರದವರು ನೀವ."

"ಪ್ರೆಸ್ಸಿನವರ ಕೈತಪ್ಪು ಇರಬೇಕು."

"ಇರಬಹುದು. 'ಸಮ' ಅಂತ ಬರದದ್ದು ಪ್ರೆಸ್ಸಿನವರಲ್ಲ." ಆ ಗೀಟನ್ನು 'ಮಾಡು' ಎಂದು ಓದಿದರೆ ಏನಾಗುತ್ತದೆ ಎಂದು ಬಟ್ಟಲಲ್ಲೇ ತೋರಿಸಿದೆ. ಅವರು ಬಗ್ಗಿ ನೋಡಿ, ಹೌದೆಂದು ತಲೆಯಾಡಿಸಿದರು. ಕೆಟ್ಟ ಮನುಷ್ಯರಲ್ಲ. ತಾವು ಬರೆದದ್ದನ್ನು ತಿಳಿಯದವರ ಪಕ್ಕದಲ್ಲಿ ಒಮ್ಮೆಯೂ ಕೂತು ಓದಿಸಿರಲಿಲ್ಲ, ಅಷ್ಟೇ.

"ಒಂದು ತಿದ್ದುಪಡಿ ಚೀಟಿ ಅಚ್ಚು ಹಾಕಿಸಿ ಒಳಗ ಅಂಟಿಸ್ರಿ, ನಾ ಇವತ್ತ ನಾಲ್ಕ ಸಾಲು ಛಲೋ ಬರದು ಕೊಡ್ತೀನಿ," ಎಂದೆ.

ಅಳಿಯ ಮಾವನ ಕಡೆ ನೋಡಿದರು. ಸಾವ್ಕಾರರು ಎದ್ದು ನಿಂತರು. "ಮೊದಲನೇ ಪುಸ್ತಕ ಅಕ್ಕೋರ. ಮದಲಗಿತ್ತಿ ಹಣಿ ಮ್ಯಾಲೆ ತಪ್ಪಿನ ಚೀಟಿ ಅಂಟಸ್ತಾರೇನು? ಒಂದು ಅಕ್ಷರಕ್ಕ ಇಷ್ಟು ಹಟ ಯಾಕ? ನಿಮ್ಮ ಹುಡುಗಿಯರ ತಲಿ ಮ್ಯಾಲೆ ನೆಳ್ಳು ಬ್ಯಾಡೇನು?"

ಬೇಕಿತ್ತು. ಕಿಟಕಿಯಾಚೆ ಹುಡುಗಿಯರು ಚೀಲ ಎಳೆಯುವ ಸದ್ದು ಕೇಳುತ್ತಿತ್ತು.

"ನೆಳ್ಳು ಬೇಕ್ರಿ," ಎಂದೆ. "ಆದ್ರ ನೆಳ್ಳಿನಾಗ ಕೂಡಿಸಿ, ನಿಮಗ ತಲಿ ಇಲ್ಲ ಅಂತ ಹೇಳೋ ಪುಸ್ತಕ ಕೈಯಾಗ ಕೊಡೋದಾದ್ರ ಅವರು ಬಿಸಲಾಗ ಇರಲಿ."

ದೊಡ್ಡ ಅಕ್ಕೋರು ಒಂದು ಹಾಳೆ, ಪೆನ್ನು ನನ್ನ ಮುಂದೆ ಸರಿಸಿದರು. ಇನ್ನೂ ಕಾಲ ಮಿಂಚಿಲ್ಲ ಎಂಬ ಹಾಗೆ. ನಾನು ಬರೆದೆ. ಈ ಪುಸ್ತಕ ಹೇಳಿದ್ದನ್ನು ಹೇಳಿದಂತೆಯೇ ಮಾಡಿ ನೋಡಿದ್ದೇನೆ, ಲೆಕ್ಕ ಮುಗಿಯುವುದಿಲ್ಲ. ಐದನೆಯ ಸಾಲು ತಿದ್ದಿದರೆ ಮುಗಿಯುತ್ತದೆ. ತಿದ್ದುವವರೆಗೆ ನನ್ನ ವಿದ್ಯಾರ್ಥಿನಿಯರಿಗೆ ಇದನ್ನು ಓದಿ ಎಂದು ಹೇಳಲಾರೆ. ಕೆಳಗೆ ನನ್ನ ಸಹಿ ಹಾಕಿದೆ. ಸಾವ್ಕಾರರು ಓದಿ, ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡರು. ಅದು ಅಚ್ಚಾಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ತಗಡುಗಳು ಗಂಡುಮಕ್ಕಳ ಶಾಲೆಗೆ ಹೋದವು. ನಮ್ಮ ಪಡಸಾಲೆ ಹಾಗೆಯೇ ಉಳಿಯಿತು. ಬೇಸಿಗೆ ರಜೆ ಬರುವವರೆಗೂ ದೊಡ್ಡ ಅಕ್ಕೋರು ನನ್ನೊಂದಿಗೆ ಹಾಜರಿ ಪುಸ್ತಕದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಹುಡುಗಿಯೊಬ್ಬಳ ತಾಯಿ ಸಂತೆಯಲ್ಲಿ ಸಿಕ್ಕು, "ನಿಮ್ಮಿಂದ ಕೋಣಿ ಹೋತಂತಲ್ರಿ," ಎಂದು ಎದುರಿಗೇ ಅಂದಳು. ಹೌದವ್ವಾ, ನನ್ನಿಂದಲೇ ಹೋಯಿತು ಎಂದೆ. ಅದರ ಭಾರ ನನಗೆ ಇರಲಿಲ್ಲವೆಂದಲ್ಲ. ಮಕ್ಕಳ ಕತ್ತಿನ ಮೇಲೆ ಬೆವರುಸಾಲೆ ಎದ್ದಾಗಲೆಲ್ಲ ಇತ್ತು.

ಮಳೆಗಾಲಕ್ಕೆ ಶಾಲೆ ತೆರೆದಾಗ ಪುಸ್ತಕದ ಗಂಟು ದಾನವಾಗಿ ಬಂತು. ರಟ್ಟಿನ ಹಿಂದೆ ಮೂವರು ಮಾಸ್ತರರ ಮೆಚ್ಚುಗೆ, ಒಳಗೆ ಚೀಟಿ ಇಲ್ಲ. ನಾನು ಗಂಟು ಬಿಚ್ಚಿ ಒಂದೊಂದೇ ಪುಸ್ತಕ ತೆಗೆದು, ಆ ಪುಟ ಹುಡುಕಿ, 'ಎರಡನೆಯ' ಎಂಬುದನ್ನು ಹೊಡೆದುಹಾಕಿ 'ಮೂರನೆಯ' ಎಂದು ಬರೆದೆ. 'ಸಮ' ಎಂಬುದರ ಮೇಲೆ 'ಮಾಡು' ಎಂದು ಬರೆದೆ. ಮಸಿ ಆರುವವರೆಗೆ ಊದಿ ಪಕ್ಕಕ್ಕಿಟ್ಟೆ. ಅರ್ಧ ಮುಗಿದಿರಬೇಕು, ದೊಡ್ಡ ಅಕ್ಕೋರು ಬಾಗಿಲಲ್ಲಿ ಬಂದು ನಿಂತರು.

"ದಾನದ ಪುಸ್ತಕಕ್ಕ ಗೀಚ್ತೀರೇನ್ರಿ? ಸಾವ್ಕಾರರು ನೋಡಿದ್ರ ಏನಂದಾರು?"

"ನೋಡ್ಲಿ. ಕೆಳಗ ನನ್ನ ಸಹಿ ಹಾಕೀನಿ," ಎಂದೆ. "ಸ್ವಲ್ಪ ಈಚೆ ಬರ್ರಿ. ನೀವು ಅಲ್ಲಿ ನಿಂತ್ರ ನನಗ ಬೆಳಕು ಬೀಳವಲ್ದು."