ನೋಡಿದವರು ಯಾರು?

"ಇವನು ಎಂಟನೆಯ ಕ್ಲಾಸು ದಾಟುವ ಜನ ಅಲ್ಲ" ಎಂದವರು ಬೇರೆ ಯಾರೂ ಅಲ್ಲ, ನನ್ನ ಸೋದರಮಾವ. ನಮ್ಮ ಮನೆಯಲ್ಲಿ ಅದುವರೆಗೆ ಸಹಿ ಹಾಕಲು ಬರುವವರೇ ಇರಲಿಲ್ಲ. ಹಾಗಾಗಿ ಮಾವನ ಮಾತಿಗೆ ಎದುರಾಡುವವರೂ ಇರಲಿಲ್ಲ. ದಾಟಿಸಿದವರು ಶಿರ್ತಾಡಿ ಕಡೆಯ ನಮ್ಮ ಶಾಲೆಯ ಮಾಸ್ಟ್ರು. ಅವರದು ಮೆಳ್ಳೆಗಣ್ಣು, ಒಂದು ಬೋರ್ಡಿನ ಕಡೆ, ಇನ್ನೊಂದು ಕಿಟಕಿಯ ಕಡೆ. ಯಾರನ್ನು ನೋಡುತ್ತಿದ್ದಾರೆಂದು ತಿಳಿಯದೆ ಎಲ್ಲರೂ ನೆಟ್ಟಗೆ ಕೂರುತ್ತಿದ್ದೆವು. ನನಗಂತೂ ಮೊದಲ ದಿನದಿಂದಲೇ ಅವರ ಮೇಲೆ ಗುಮಾನಿ.

ಕಾರಣ ಇತ್ತು. ಅವರು ಉಳಿದುಕೊಂಡಿದ್ದುದು ಊರಿನ ಧಣಿಗಳ ಮನೆಯ ಹೊರಕೋಣೆಯಲ್ಲಿ, ಊಟವೂ ಅಲ್ಲೇ. ಧಣಿಗಳ ಮಗ ನಮ್ಮ ಕ್ಲಾಸಿನಲ್ಲಿದ್ದ, ಎರಡು ಸಲ ಫೇಲಾದ ದಾಂಡಿಗ. ಶಾಲೆಯ ದಾರಿಯಲ್ಲಿ ಹರಿಯುವ ತೋಡನ್ನು ದಾಟಲು ಅಡಿಕೆ ಮರದ ಸಂಕ ಹಾಕಿದ್ದರು. ನಾನು ನಡುವೆ ತಲುಪಿದಾಗ ಅವನು ದಡದಲ್ಲಿ ನಿಂತು ಅದನ್ನು ಕಾಲಿನಿಂದ ಕುಲುಕುತ್ತಿದ್ದ.

"ಏಯ್ ಕಪ್ಪೆ, ನಿನಗೆ ಸಂಕ ಯಾಕೆ ಮಾರಾಯ? ಹಾರು."

ಒಂದು ದಿನ ನನ್ನ ಪುಸ್ತಕದ ಚೀಲ ನೀರಿಗೆ ಬಿತ್ತು. ಮಾಸ್ಟ್ರಿಗೆ ಹೇಳಿದೆ. ಅವರು ಬೆತ್ತ ಮುಟ್ಟಲಿಲ್ಲ.

"ಕುಲುಕಿದ್ದು ಯಾರೆಂದು ನಾನು ಕೇಳುವುದಿಲ್ಲ. ನೋಡಿದವರು ಯಾರು? ಎದ್ದು ನಿಲ್ಲಿ."

ಯಾರೂ ಏಳಲಿಲ್ಲ. ಮರುದಿನವೂ ಹಾಜರಿ ಕರೆದ ಮೇಲೆ ಅದೇ ಪ್ರಶ್ನೆ. ಅದರ ಮರುದಿನವೂ.

"ಧಣಿಗಳ ಅನ್ನ ಉಣ್ಣುವವರು ಧಣಿಗಳ ಮಗನನ್ನು ಹಿಡಿಯುತ್ತಾರಾ? ಅದೆಲ್ಲ ನಾಟಕ" ಎಂದರು ಮಾವ. "ಶಾಲೆ ಸಾಕು. ಈ ವಾರ ಕಳೆಯಲಿ, ಮಂಗಳೂರಿನ ಹೋಟೆಲಿಗೆ ಸೇರಿಸುವ."

ನನಗೂ ಹೌದೆನಿಸಿತು.

ಶನಿವಾರ ನಾನು ಹೇಗೋ ಮೊದಲೇ ದಾಟಿದ್ದೆ. ಹಿಂದೆ ಬಂದ ಐದನೆಯ ಕ್ಲಾಸಿನ ಹುಡುಗ ನಡುವೆ ಸಿಕ್ಕಿಬಿದ್ದ. ಸಂಕ ಕುಲುಕಿತು. ಅವನು ಕಲ್ಲಿನ ಮೇಲೆ ಬಿದ್ದು ಗಲ್ಲ ಒಡೆದುಕೊಂಡ. ದಡದಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಇವತ್ತು ನಾನಲ್ಲ ಎಂಬ ಸಮಾಧಾನದ ನಗು. ಕ್ಲಾಸಿನಲ್ಲಿ ಹಾಜರಿ ಕರೆದ ಮೇಲೆ ಮಾಸ್ಟ್ರದು ಮತ್ತೆ ಅದೇ ಪ್ರಶ್ನೆ.

"ನೋಡಿದವರು ಯಾರು?"

ಆ ಎರಡು ಕಣ್ಣುಗಳಲ್ಲಿ ಯಾವುದು ನನ್ನ ಮೇಲಿತ್ತೋ. ಎದ್ದು ನಿಂತೆ. "ನಾನು ನೋಡಿದ್ದೇನೆ ಮಾಸ್ಟ್ರೇ. ನಕ್ಕದ್ದೂ ಹೌದು."

"ನಿನ್ನ ಚೀಲ ಬಿದ್ದಾಗಲೂ ಹೀಗೇ ನಕ್ಕಿದ್ದಾರೆ. ಕೂರಬೇಡ. ಇನ್ನು ಯಾರು?"

ಒಬ್ಬೊಬ್ಬರಾಗಿ ಇಡೀ ಕ್ಲಾಸು ಎದ್ದಿತು. ಕೂತವನು ಧಣಿಗಳ ಮಗ ಒಬ್ಬನೇ. ಅವನಿಗೂ ಏಟು ಬೀಳಲಿಲ್ಲ.

"ನೋಡಿ ನಗುವವರು ಇಲ್ಲದಿದ್ದರೆ ಕುಲುಕಲಿಕ್ಕೆ ಇವನಿಗೂ ಬೇಜಾರು. ಸೋಮವಾರದಿಂದ ಚಿಕ್ಕವರು ದಾಟುವಾಗ ಈ ಬದಿ ಇಬ್ಬರು, ಆ ಬದಿ ಇಬ್ಬರು ಸಂಕದ ಮರಕ್ಕೆ ಕಾಲು ಒತ್ತಿ ನಿಲ್ಲಬೇಕು. ಸರದಿಯಲ್ಲಿ ಇವನೂ ಉಂಟು."

ಸೋಮವಾರ ನೋಡಿದರೆ ಶಾಲೆಯ ಜಗಲಿಯಲ್ಲಿ ಮಾಸ್ಟ್ರ ಚಾಪೆ, ಟ್ರಂಕು, ಒಂದು ಗಂಜಿ ಪಾತ್ರೆ. ಕೇಳಿದ್ದಕ್ಕೆ "ಇಲ್ಲಿ ಗಾಳಿ ಒಳ್ಳೆದುಂಟು" ಎಂದರು. ವರ್ಗವಾಗುವವರೆಗೂ ಅಲ್ಲೇ ಬೇಯಿಸಿ ಉಂಡರು. ಮಾವ ಅದನ್ನೂ ನಂಬಲಿಲ್ಲ. "ಏನೋ ಉಂಟು" ಎಂದರು. ಆದರೆ ಹೋಟೆಲಿನ ಮಾತು ಮತ್ತೆ ಎತ್ತಲಿಲ್ಲ.

ನಾನು ಬಿ.ಎ. ಸರ್ಟಿಫಿಕೇಟು ತೆಗೆದುಕೊಳ್ಳುವ ದಿನ, ಆಗಲೇ ನಿವೃತ್ತರಾಗಿದ್ದ ಮಾಸ್ಟ್ರು ಮೂಡಬಿದಿರೆಯಿಂದ ಮೊದಲ ಬಸ್ಸಿಗೆ ಮಂಗಳೂರಿಗೆ ಬಂದು ಕಾಲೇಜಿನ ಕಚೇರಿಯ ಬಾಗಿಲಲ್ಲಿ ನಿಂತಿದ್ದರು.

ಮನೆಗೆ ಬಂದು ಅದನ್ನು ಮಾವನ ಕೈಗೆ ಕೊಟ್ಟೆ. ಮಾವ ಬೆಳಕಿಗೆ ಹಿಡಿದು ನೋಡಿದರು, ಮೊಹರನ್ನು ಉಗುರಿನಿಂದ ಕೆರೆದರು.

"ಇದು ನಿನ್ನದೇ ಎಂದು ಹೇಗೆ? ಕೊಡುವಾಗ ನೋಡಿದವರು ಯಾರಾದರೂ ಇದ್ದಾರಾ?"

"ಮಾಸ್ಟ್ರು ಬಂದಿದ್ದರು, ಮಾವ."

ಮಾವ ಪಂಚೆಗೆ ಕೈ ಒರೆಸಿಕೊಂಡು ಕಾಗದವನ್ನು ಎರಡೂ ಕೈಯಲ್ಲಿ ಹಿಡಿದರು.

"ಅವರು ನೋಡಿದ್ದಾರಾ? ಹಾಗಾದರೆ ನಂಬುವ."